ಪಂಪ್‌ಸೆಟ್ಟಿನ ಸ್ಟಾರ್ಟರ್ ಕಾರ್ಡು ಸುಡುವುದೇಕೆ?

ಹೂಮಳೆ ಕೈಕೊಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಿಡಿಯಲೇಬೇಕಾದ ಫೆಬ್ರವರಿ-ಮಾರ್ಚ್ ದಿನಗಳಲ್ಲಿ, ಇಲ್ಲವೆ ಅಡಕೆಗೆ ನೀರು ತಪ್ಪಿಸಲಾಗದ ಬೇಸಿಗೆಯಲ್ಲಿ, ಮೋಟಾರು ಗಟ್ಟಿಯಾಗಿದ್ದೂ ಸ್ಟಾರ್ಟರಿನೊಳಗಿನ ಎಲೆಕ್ಟ್ರಾನಿಕ್ ಕಾರ್ಡು ಸುಟ್ಟರೆ, ಆಗುವ ನಷ್ಟ ಕಾರ್ಡಿನ ಬೆಲೆಗೆ ನಿಲ್ಲುವುದಿಲ್ಲ. ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಹಾಕಿಸಿದ ಬೆಳೆಗಾರರಿಗೆ ಇದು ಗೊತ್ತು. ಆಗೆಲ್ಲ ಸಿಡಿಲನ್ನೋ ಲೈನನ್ನೋ ದೂರುವುದು ವಾಡಿಕೆ. ಎಷ್ಟೋ ಸಲ ದೋಷ ಪೆಟ್ಟಿಗೆಯೊಳಗೇ ಇರುತ್ತದೆ.

ರಭಸದಿಂದ ಹರಿಯುವ ನೀರಿಗೆ ಗೇಟ್ ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪು ಧಡ್ಡೆಂದು ಬಡಿಯುವುದನ್ನು ತಾವು ಬಲ್ಲಿರಿ. ತಂತಿಯ ಸುರುಳಿಯಲ್ಲಿ ಹರಿಯುವ ಕರೆಂಟಿನ ಸ್ವಭಾವವೂ ಅಂಥದೇ. ರಿಲೇ ಅಥವಾ ಕಾಂಟ್ಯಾಕ್ಟರಿನ ಕಾಯಿಲಿಗೆ ಹೋಗುವ ಕರೆಂಟನ್ನು ಒಮ್ಮೆಲೇ ಕಡಿದಾಗ, ಅಲ್ಲಿ ಕೂಡಿದ್ದ ಶಕ್ತಿ ದಾರಿ ಹುಡುಕುತ್ತದೆ. 12 ವೋಲ್ಟಿನ ಪುಟ್ಟ ರಿಲೇ ಸಹ ಕ್ಷಣಮಾತ್ರ ನೂರಾರು ವೋಲ್ಟಿನ ಪೆಟ್ಟು ಕೊಡಬಲ್ಲದು. ಅದನ್ನು ನಡೆಸುವ ಟ್ರಾನ್ಸಿಸ್ಟರು, ಉದಾಹರಣೆಗೆ ಬಿಸಿ 547, ತಾಳುವುದು 45 ವೋಲ್ಟು ಮಾತ್ರ.

ಇದಕ್ಕೆ ಮದ್ದು ಅಗ್ಗದ್ದೇ. ಡಿ.ಸಿ. ರಿಲೇಯ ಕಾಯಿಲಿನ ಎರಡು ತುದಿಗಳಿಗೆ ಅಡ್ಡಲಾಗಿ 1ಎನ್ 4007 ಡಯೋಡ್ ಒಂದನ್ನು ಬೆಸೆಯಬೇಕು. ಅದರ ಮೇಲೆ ಬಿಳಿ ಪಟ್ಟಿಯಿರುವ ತುದಿ ಧನ ತಂತಿಯ ಕಡೆಗಿರಲಿ. ತಿರುಗಿಸಿ ಹಾಕಿದರೆ ರಿಲೇ ಹಿಡಿಯುವ ಮೊದಲೇ ಟ್ರಾನ್ಸಿಸ್ಟರು ಹೋಗುತ್ತದೆ. ಕಾರ್ಡು ರಿಪೇರಿಗೆ ಕೊಟ್ಟಾಗ ಈ ಡಯೋಡನ್ನೂ ಪರೀಕ್ಷಿಸಲು ಹೇಳಿ. ಟ್ರಾನ್ಸಿಸ್ಟರೊಂದನ್ನೇ ಬದಲಿಸಿ ಕೊಟ್ಟರೆ ಅದೇ ಕಾಯಿಲೆ ಮರುಕಳಿಸುತ್ತದೆ.

ಬ್ಯಾಟರಿ ಸ್ಪ್ರೇಯರಿನ ಮೋಟಾರಿಗೂ ಇದೇ ನ್ಯಾಯ. ಆದರೆ ವೇಗ ಹೆಚ್ಚು-ಕಡಿಮೆ ಮಾಡುವ ತಿರುಗುಗುಂಡಿ ಇದ್ದರೆ, ಒಳಗಿನ ಸರ್ಕೀಟು ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಕಡಿಯುತ್ತಿರಬಹುದು. ಅಲ್ಲಿ 4007 ತೀರ ನಿಧಾನ. ಮೋಟಾರಿನ ಕರೆಂಟನ್ನು ಧಾರಾಳವಾಗಿ ತಾಳುವ ಶಾಟ್ಕಿ ಡಯೋಡ್ ಹಾಕಿಸಬೇಕು.

ಪಂಪಿನ ಕಾಂಟ್ಯಾಕ್ಟರಿನ ವಿಷಯ ಬೇರೆ. ಅದರ ಕಾಯಿಲು ಸಾಮಾನ್ಯವಾಗಿ 415 ವೋಲ್ಟಿನ ಎ.ಸಿ.ಯದು, ಅಡ್ಡಲಾಗಿ ಡಯೋಡ್ ಹಾಕಿದರೆ ಶಾರ್ಟ್ ಆಗುತ್ತದೆ. ಅದಕ್ಕೆ ಕೆಪ್ಯಾಸಿಟರ್ ಮತ್ತು ರೆಸಿಸ್ಟರ್ ಸಾಲಾಗಿ ಜೋಡಿಸಿದ ಸರ್ಜ್ ಸಪ್ರೆಸರ್ ಸಿದ್ಧವಾಗಿಯೇ ದೊರೆಯುತ್ತದೆ. ಕಾಯಿಲಿನ ವೋಲ್ಟೇಜಿಗೆ ಹೊಂದುವುದನ್ನೇ ಕೇಳಿ ತಂದು, ಕಾಯಿಲಿನ ಬುಡದಲ್ಲೇ ಕೂರಿಸಬೇಕು. ಮಾರುದ್ದ ತಂತಿ ಎಳೆದು ದೂರ ಇಟ್ಟರೆ ಪ್ರಯೋಜನ ಕಡಿಮೆ. ಕೆಲಸ ಬಲ್ಲ ವೈರ್‌ಮನ್‌ನಿಂದಲೇ, ಮೇನ್ ಆರಿಸಿ ಮಾಡಿಸಿ.

ಲೈನಿನಿಂದ ಬರುವ ಪೆಟ್ಟಿಗೆ ಕಾರ್ಡಿನ ಮುಂದೆ ವೇರಿಸ್ಟರ್ ಬೇಕು. ರಾತ್ರಿ ಹೊರೆ ಇಳಿದಾಗ ವೋಲ್ಟೇಜು ಏರುವುದರಿಂದ 415ಕ್ಕೆ ಸರಿಸಮನಾದದ್ದು ಬೇಡ, 510 ವೋಲ್ಟಿನದು ಲೇಸು. ಅದರ ಹಿಂದೆ ಫ್ಯೂಜು ಇರಲೇಬೇಕು, ಏಕೆಂದರೆ ಪ್ರತಿ ಪೆಟ್ಟಿಗೂ ವೇರಿಸ್ಟರ್ ಸವೆಯುತ್ತದೆ. ಮಳೆಗಾಲ ಮುಗಿದ ಮೇಲೆ ಬಿರುಕು ಬಿಟ್ಟಿದೆಯೇ, ಕಪ್ಪಾಗಿದೆಯೇ ನೋಡಿಸಿ. ಭೂಮಿಗೆ ಇಳಿಸುವ ವೇರಿಸ್ಟರಿಗೆ ಅರ್ಥಿಂಗ್ ಸರಿಯಿರಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವುದನ್ನು ಮರೆಯುವವರೇ ಹೆಚ್ಚು.

ಹತ್ತಿರದಲ್ಲೇ ಸಿಡಿಲು ಬಿದ್ದರೆ ಮಾತ್ರ ಯಾವ ವೇರಿಸ್ಟರೂ ಉಳಿಸದು. ಮೋಡ ಕಟ್ಟುತ್ತಿರುವಾಗಲೇ ಮೇನ್ ಆರಿಸಿ ಫ್ಯೂಜು ಕಳಚಿಡಿ. ಗುಡುಗು ಕೇಳತೊಡಗಿದ ಮೇಲೆ ಪಂಪ್ ಮನೆಯ ಕಡೆ ಹೋಗಬೇಡಿ.