ತುಪ್ಪಳದ ಪರವಾನಗಿಯೂ ಚಿಗರಿಯ ತೊಗಲೂ

ರಾಣೇಬೆನ್ನೂರಿನ ಕಾಡಂಚಿನ ಹೊಲಗಳಲ್ಲಿ ಚಿಗರಿಗಳು ಮೇಯುವುದನ್ನು ಗುತ್ತಲದ ಕಡೆಯ ವಿದ್ಯಾರ್ಥಿಗಳು ಕಂಡಿರಬಹುದು. ಗ್ರಂಥಗಳ ಕೃಷ್ಣಮೃಗವೆಂದರೆ ಇದೇ. ಕೃಷ್ಣಾಜಿನವು ಇದರದೇ ತೊಗಲು. ಕುರಿಯನ್ನು ಉಣ್ಣೆಗಾಗಿ ಸಾಕುವಂತೆ ಚಿಗರಿಯನ್ನು ತೊಗಲಿಗಾಗಿ ಸಾಕಲು ಸರಕಾರವು ಪರವಾನಗಿಯನ್ನೇಕೆ ಕೊಡಬಾರದು? ಪ್ರಶ್ನೆ ಸಹಜವಾದುದೇ.

ಪಾಶ್ಚಾತ್ಯರು ಮಿಂಕ್ ಎಂಬ, ನಮ್ಮ ಮುಂಗುಸಿಯನ್ನು ನೆನಪಿಗೆ ತರುವ ಪ್ರಾಣಿಯನ್ನು ತುಪ್ಪಳಕ್ಕಾಗಿ ಪಂಜರಗಳಲ್ಲಿ ಸಾಕಿದರು. ಬ್ರಿಟನ್ನಿನಲ್ಲಿ ತಪ್ಪಿಸಿಕೊಂಡ ಮಿಂಕ್‌ಗಳು ಹೊಳೆದಂಡೆಗಳಲ್ಲಿ ನೆಲೆಯೂರಿ ಅಲ್ಲಿಯ ನೀರಿಲಿಗಳಿಗೆ ಮೃತ್ಯುವಾದವು. ಸಾಕಣೆಗೆ ಲೈಸೆನ್ಸನ್ನು ಕಡ್ಡಾಯ ಮಾಡಿದ್ದು ಈ ಭಯದಿಂದಲೇ. 2020ರಲ್ಲಿ ಡೆನ್ಮಾರ್ಕಿನ ಮಿಂಕ್‌ಗಳಿಗೆ ಕೋವಿಡ್ ತಗುಲಿ, ಅವುಗಳಿಂದ ಮತ್ತೆ ಮನುಷ್ಯರಿಗೂ ಹರಡಿದಾಗ ಸಾಕಣೆಯ ಕೋಟ್ಯಂತರ ಪ್ರಾಣಿಗಳನ್ನು ಕೊಲ್ಲಿಸಬೇಕಾಯಿತು.

ನಮ್ಮಲ್ಲಿಯ ತೊಡಕು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವನ್ಯಪ್ರಾಣಿಗಳ ತೊಗಲಿನ ವ್ಯಾಪಾರಿಗಳಿಗೆ ಲೈಸೆನ್ಸನ್ನು ವಿಧಿಸಿತು. ಆದರೆ ತೊಗಲನ್ನು ಹದಮಾಡಿ ಹೊಲಿದ ಮೇಲೆ, ಅದು ಹಳೆಯ ದಾಸ್ತಾನಿನದೋ ನಿನ್ನೆ ಗುಂಡಿಗೆ ಬಲಿಯಾದ ಪ್ರಾಣಿಯದೋ ಎಂಬುದು ಕಣ್ಣಿಗೆ ಹೇಗೆ ತಿಳಿದೀತು? ಪರವಾನಗಿಯ ಕಾಗದವೇ ಕಳ್ಳಬೇಟೆಗೆ ಮರೆಯಾಗಬಲ್ಲುದು! 1986ರ ತಿದ್ದುಪಡಿಯು ಮೊದಲನೆಯ ಅನುಸೂಚಿಯ ಪ್ರಾಣಿಗಳ ತೊಗಲಿನ ವ್ಯಾಪಾರವನ್ನೇ ನಿಷೇಧಿಸಿತು. ಚಿಗರಿಯೂ ಆ ಅನುಸೂಚಿಗೆ ಸೇರಿದುದು. 2017ರಲ್ಲಿ ಮಿಂಕ್, ನರಿ, ಚಿಂಚಿಲ್ಲಾಗಳ ತುಪ್ಪಳದ ಆಮದೂ ನಿಂತಿತು.

ರಾಣೇಬೆನ್ನೂರಿನಲ್ಲಿ 1974ರಿಂದ 119 ಚದರ ಕಿಲೋಮೀಟರುಗಳ ಅಭಯಧಾಮವಿದೆ. ಅದರ ಎಲ್ಲೆಯನ್ನು ಚಿಗರಿಯು ಅರಿಯದು. ಅದು ಎಳೆಯ ಪೈರನ್ನು ಮೇಯ್ದರೆ ರೈತನು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನು ಕೊಡಬಹುದೇ ಹೊರತು ಪ್ರಾಣಿಯ ಮೇಲೆ ಕೈಮಾಡುವಂತಿಲ್ಲ.