ಕಳುವಾದ ಸೈಕಲ್ ಮರಳುವ ದಾರಿ: ದಂಡಿಗನಹಳ್ಳಿ ಹೋಬಳಿಯ ಒಂದು ಅನುಭವ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಂಥ ಗ್ರಾಮೀಣ ಪ್ರದೇಶದಲ್ಲಿ ಕಳುವಾದ ಸೈಕಲ್ ಮತ್ತೆ ಮನೆಗೆ ಬರುವುದೋ ಇಲ್ಲವೋ ಎಂಬುದು ಕಳ್ಳನ ಚಾಲಾಕಿತನವನ್ನಾಗಲಿ ಪೊಲೀಸರ ಶ್ರಮವನ್ನಾಗಲಿ ಅವಲಂಬಿಸಿರುವುದಕ್ಕಿಂತ ಹೆಚ್ಚಾಗಿ, ಆ ಸೈಕಲ್ ಇಂಥವರದೇ ಎಂಬ ಸಂಗತಿ ಕಳುವಿಗೆ ಮೊದಲೇ ಎಲ್ಲಾದರೂ ಬರವಣಿಗೆಯಲ್ಲಿ ದಾಖಲಾಗಿತ್ತೇ ಎಂಬುದನ್ನು ಅವಲಂಬಿಸಿದೆ. ಸ್ಕೂಟರು ಕಳುವಾದರೆ ಅದರ ನೋಂದಣಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಸಾರಿಗೆ ಇಲಾಖೆಯ ಕಡತದಲ್ಲಿ ಮೊದಲೇ ಇರುತ್ತವೆ. ಮೊಬೈಲ್ ಕಳುವಾದರೆ ಅದರ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಕೊಟ್ಟು, ಸಿಇಐಆರ್ ಎಂಬ ಕೇಂದ್ರ ಸರ್ಕಾರದ ವ್ಯವಸ್ಥೆಯ ಮೂಲಕ ಆ ಫೋನ್ ದೇಶದ ಯಾವ ಜಾಲದಲ್ಲೂ ಕೆಲಸ ಮಾಡದಂತೆ ತಡೆಯಬಹುದು. ಸೈಕಲ್ಲಿಗೆ ಇಂಥ ಯಾವ ಕಡತವೂ ಇಲ್ಲ. ಪುರಸಭೆಗಳು ವರ್ಷಕ್ಕೊಮ್ಮೆ ಸೈಕಲ್ ತೆರಿಗೆ ಕಟ್ಟಿಸಿಕೊಂಡು ಸಂಖ್ಯೆ ಅಚ್ಚಾದ ಬಿಲ್ಲೆ ಕೊಡುತ್ತಿದ್ದ ಕಾಲದಲ್ಲಿ ಪಟ್ಟಣಗಳಲ್ಲಾದರೂ ಒಂದು ಗುರುತು ಉಳಿಯುತ್ತಿತ್ತು. ತೆರಿಗೆಯ ಹೊರೆ ಇಳಿದಾಗ ಗುರುತೂ ಅದರೊಂದಿಗೇ ಹೋಯಿತು. ಜಪಾನಿನಲ್ಲಿ ಸೈಕಲ್ ಮಾಲೀಕರು ಕಳ್ಳತನ ತಡೆಯ ನೋಂದಣಿ ಮಾಡಿಸುವುದು 1994ರಿಂದ ಕಡ್ಡಾಯವಾಗಿರುವುದರಿಂದ, ಬೀದಿಯಲ್ಲಿ ತಡೆದು ನಿಲ್ಲಿಸಿದ ಪೊಲೀಸರು ಸೈಕಲ್ಲಿನ ಚೀಟಿಯ ಸಂಖ್ಯೆಯಿಂದ ಅದು ಯಾರದೆಂದು ತಿಳಿಯಬಲ್ಲರು.

ಭಾರತದಲ್ಲಿ ತಯಾರಾಗುವ ಸೈಕಲ್‌ಗಳಿಗೂ ಸಂಖ್ಯೆ ಇದೆ ಎಂಬುದು ಬಹಳ ಮಂದಿಗೆ ಸೈಕಲ್ ಹೋದ ಮೇಲಷ್ಟೇ ತಿಳಿಯುವ ಸಂಗತಿಯಾಗಿದೆ. ಫ್ರೇಮ್ ನಂಬರ್ ಎಂದು ಕರೆಯಲಾಗುವ ಈ ಸಂಖ್ಯೆಯನ್ನು ಸಾಮಾನ್ಯವಾಗಿ ಪೆಡಲಿನ ಅಚ್ಚು ಹಾದುಹೋಗುವ ಕೊಳವೆಯ ತಳಭಾಗದಲ್ಲಿ, ಇಲ್ಲವೇ ಸೀಟಿನ ಕೆಳಗಿನ ಕೊಳವೆಯ ಮೇಲೆ ಕೊರೆದಿರುತ್ತಾರೆ. ಕೆಸರು ಮತ್ತು ಗ್ರೀಸು ಮುಚ್ಚಿಕೊಂಡಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲವಾದರೂ, ಸೈಕಲ್ಲನ್ನು ತಲೆಕೆಳಗೆ ಮಾಡಿ ಒರೆಸಿದರೆ ಓದಲು ಸಿಗುತ್ತದೆ. ಅಂಗಡಿಯ ಬಿಲ್ಲಿನಲ್ಲಿ ಈ ಸಂಖ್ಯೆಯನ್ನು ಬರೆಯಿಸಿಕೊಳ್ಳುವ ರೂಢಿ ಹಳ್ಳಿಗಾಡಿನಲ್ಲಿ ವಿರಳ. ಬಿಲ್ಲೇ ಇಲ್ಲದೆ ಕೈಬದಲಾದ ಹಳೆಯ ಸೈಕಲ್‌ಗಳಂತೂ ಕಾನೂನಿನ ಕಣ್ಣಿಗೆ ಯಾರವೂ ಅಲ್ಲದ ವಸ್ತುಗಳಾಗಿ ಓಡಾಡುತ್ತಿರುತ್ತವೆ.

ಈ ಹೋಬಳಿಯಲ್ಲಿ ಸೈಕಲ್ ಯಾರ ಬದುಕಿಗೆ ಅಂಟಿಕೊಂಡಿದೆ ಎಂಬುದನ್ನು ಗಮನಿಸಿದರೆ ಮಾತ್ರ ನಷ್ಟದ ಅಳತೆ ಸಿಗುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವವರು, ತೆಂಗಿನ ತೋಟದ ಕೆಲಸಕ್ಕೆ ಹೋಗುವವರು, ಬಸ್ಸು ಬಾರದ ಊರುಗಳಿಂದ ಮುಖ್ಯರಸ್ತೆಯವರೆಗೆ ಸೈಕಲ್ ತುಳಿದು, ಅದನ್ನು ಅಂಗಡಿಯೊಂದರ ಮಗ್ಗುಲಲ್ಲಿ ನಿಲ್ಲಿಸಿ, ಚನ್ನರಾಯಪಟ್ಟಣಕ್ಕೋ ಹಾಸನಕ್ಕೋ ಬಸ್ಸು ಹತ್ತುವ ವಿದ್ಯಾರ್ಥಿಗಳು, ಇವರೇ ಅದರ ಮುಖ್ಯ ಬಳಕೆದಾರರು. ರಾಜ್ಯ ಸರ್ಕಾರವು 2006-07ರಲ್ಲಿ, ಪಕ್ಕದ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಈ ಬಳಕೆ ಹೆಣ್ಣುಮಕ್ಕಳಲ್ಲಿ ವಿಶೇಷವಾಗಿ ಹೆಚ್ಚಿತು. ಪ್ರೌಢಶಾಲೆ ದೂರವಿದ್ದ ಊರುಗಳಲ್ಲಿ ಎರಡು ಗಾಲಿಗಳು ಹುಡುಗಿಯೊಬ್ಬಳ ಓದನ್ನು ಮುಂದುವರಿಸಿದ್ದನ್ನು ಕಂಡವರಿಗೆ ಆ ಯೋಜನೆಯ ಬೆಲೆಯನ್ನು ವಿವರಿಸಬೇಕಿಲ್ಲ. ಆದರೆ ಒಂದೇ ಮಾದರಿಯಲ್ಲಿ ಸಗಟಾಗಿ ಖರೀದಿಸಿ ಹಂಚಿದ ಆ ಸೈಕಲ್‌ಗಳು ಒಂದರಂತೆ ಇನ್ನೊಂದು ಇದ್ದುದರಿಂದ, ಫ್ರೇಮ್ ನಂಬರ್ ಗೊತ್ತಿರದ ಮನೆಯವರಿಗೆ ಕಳುವಾದ ಸೈಕಲ್ ಕಣ್ಣೆದುರಿಗೇ ಹಾದುಹೋದರೂ ತಮ್ಮದೆಂದು ಸಾಧಿಸುವ ದಾರಿ ಇರಲಿಲ್ಲ. ಕೋವಿಡ್ ಕಾಲದಲ್ಲಿ ವಿತರಣೆ ನಿಂತ ಮೇಲೆ ಮನೆಯವರೇ ಹಣ ಹೊಂದಿಸಿ ಕೊಂಡ ಸೈಕಲ್‌ಗಳ ಪಾಲು ಹೆಚ್ಚಾಯಿತು. ಅಂಥದೊಂದು ಹೋದರೆ ಬದಲಿಯನ್ನು ತರುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ.

ಈ ಬರಹಕ್ಕೆ ಆಧಾರವಾಗಿರುವುದು ಬರಹಗಾರರ ಮನೆಯಲ್ಲೇ ನಡೆದ ಒಂದು ಕಳವು. ಬಸ್ಸು ಹತ್ತುವ ಜಾಗದಲ್ಲಿ ಬೀಗ ಹಾಕಿ ನಿಲ್ಲಿಸಿದ್ದ, ಕೊಂಡು ಹೆಚ್ಚು ಕಾಲವಾಗಿರದ ಸೈಕಲ್ ಸಂಜೆಯ ಹೊತ್ತಿಗೆ ಅಲ್ಲಿರಲಿಲ್ಲ. ಅದು ಮರಳಿ ಬಂದದ್ದು ಎರಡು ಕಾರಣಗಳಿಂದ ಎಂಬುದು ನಂತರ ಸ್ಪಷ್ಟವಾಯಿತು: ಫ್ರೇಮ್ ನಂಬರ್ ಇದ್ದ ಬಿಲ್ಲು ಮನೆಯಲ್ಲಿತ್ತು, ಮತ್ತು ಮುರಿದಿದ್ದ ಕ್ಯಾರಿಯರನ್ನು ಬೆಸುಗೆ ಹಾಕಿ ಕೊಟ್ಟಿದ್ದ ಸೈಕಲ್ ಶಾಪಿನವನು, ಬೇರೊಂದು ಊರಿನಲ್ಲಿ ಅದನ್ನು ಕಂಡಾಗ ತನ್ನ ಕೈಕೆಲಸವನ್ನು ತಾನೇ ಗುರುತಿಸಿದನು. ಕಳುವಾದ ಸೈಕಲ್ ಬಹುಮಟ್ಟಿಗೆ ದೂರ ಹೋಗುವುದಿಲ್ಲ; ಸಂತೆಯಲ್ಲಿ ಕೈಬದಲಾಗುತ್ತದೆ, ಕೂಲಿಗೆ ಬಂದವರಿಗೆ ಅಗ್ಗಕ್ಕೆ ಮಾರಾಟವಾಗುತ್ತದೆ, ಇಲ್ಲವೇ ಗಾಲಿ, ಸೀಟು, ಹ್ಯಾಂಡಲ್ ಬೇರೆಯಾಗಿ ಉಳಿದ ಕಬ್ಬಿಣ ಗುಜರಿಯ ತಕ್ಕಡಿಗೆ ಬೀಳುತ್ತದೆ. ಇವುಗಳಲ್ಲಿ ಕೊನೆಯದು ನಡೆದರೆ ಮರಳುವ ಮಾತೇ ಇಲ್ಲ. ಆದುದರಿಂದ ಸುತ್ತಲಿನ ಪಂಕ್ಚರ್ ಅಂಗಡಿಗಳಿಗೂ ಗುಜರಿಯವರಿಗೂ ಸೈಕಲ್ಲಿನ ಚಿತ್ರವನ್ನು ಮತ್ತು ಸಂಖ್ಯೆಯನ್ನು ಮೊದಲ ಒಂದೆರಡು ದಿನಗಳಲ್ಲೇ ತಲುಪಿಸುವುದು ಠಾಣೆಗೆ ಹೋಗುವಷ್ಟೇ ಮುಖ್ಯವೆಂದು ಈ ಅನುಭವ ತೋರಿಸಿತು. ರಿಪೇರಿಯವರು ಬಣ್ಣವನ್ನು ನೋಡುವುದಿಲ್ಲ. ಬೆಸುಗೆ, ಬದಲಿಸಿದ ಕಡ್ಡಿ, ಹೊಂದದ ಪೆಡಲು ಇವುಗಳನ್ನು ನೋಡುತ್ತಾರೆ, ಮತ್ತು ಅವರ ನೆನಪು ಅಚ್ಚರಿಪಡುವಷ್ಟು ಗಟ್ಟಿಯಾದುದು.

ಠಾಣೆಯ ವಿಷಯದಲ್ಲಿ ಈ ಹೋಬಳಿಗೆ ತನ್ನದೇ ಆದ ಗೊಂದಲವಿದೆ. ಕಂದಾಯಕ್ಕೆ ಚನ್ನರಾಯಪಟ್ಟಣ, ವಿಧಾನಸಭೆಗೆ ಹೊಳೆನರಸೀಪುರ, ಕಾಲೇಜಿಗೂ ಆಸ್ಪತ್ರೆಗೂ ಹಾಸನ ಎಂಬಂತೆ ಬದುಕು ಹಂಚಿಹೋಗಿರುವ ಜನರ ಸೈಕಲ್ ಒಂದು ತಾಲ್ಲೂಕಿನಲ್ಲಿ ಕಳುವಾಗಿ ಇನ್ನೊಂದರಲ್ಲಿ ಪತ್ತೆಯಾಗುವುದು ಸಹಜ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಕೃತ್ಯ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ಹೇಳುತ್ತದೆ. ಹೀಗೆ ದಾಖಲಾಗಿ ಮುಂದೆ ಸಂಬಂಧಪಟ್ಟ ಠಾಣೆಗೆ ವರ್ಗವಾಗುವ ಪ್ರಥಮ ವರ್ತಮಾನ ವರದಿಯನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂಬುದೂ ಅದೇ ಕಲಮಿನಲ್ಲಿದೆ.

ಆದರೆ ಸೈಕಲ್ಲಿನ ಮಟ್ಟಿಗೆ ಎಲ್ಲಕ್ಕಿಂತ ನಿರ್ಣಾಯಕವಾದ ಬದಲಾವಣೆ ಬೇರೆಯದು, ಮತ್ತು ಅದು ಬಡವರ ಪಾಲಿಗೆ ಕಠಿಣವಾದುದು. ಹಳೆಯ ದಂಡ ಸಂಹಿತೆಯ 379ನೇ ಕಲಮಿನ ಕಳ್ಳತನ, ವಸ್ತುವಿನ ಬೆಲೆ ಎಷ್ಟೇ ಇರಲಿ, ಸಂಜ್ಞೇಯ ಅಪರಾಧವಾಗಿತ್ತು. ಎಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಆರಂಭಿಸಬಹುದಾದ ಅಪರಾಧವಾಗಿತ್ತು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಮಾನ್ಯ ಕಳ್ಳತನವನ್ನು ಅಸಂಜ್ಞೇಯವೆಂದೂ ಜಾಮೀನು ಸಿಗುವಂಥದೆಂದೂ ವರ್ಗೀಕರಿಸಲಾಗಿದೆ. ಅಂಥ ದೂರಿನಲ್ಲಿ ಠಾಣೆಯ ಅಧಿಕಾರಿ ಮಾಹಿತಿಯನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಅವರ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಸಣ್ಣ ತಪ್ಪಿಗೆ ಜೈಲಿನ ಬದಲು ಸಮುದಾಯ ಸೇವೆಯನ್ನು ವಿಧಿಸುವ ಉದ್ದೇಶ ಒಳ್ಳೆಯದೇ ಆದರೂ, ಹಾಲಿನ ಕ್ಯಾನು ಹೊರುವ ಹಳೆಯ ಅಟ್ಲಾಸ್ ಸೈಕಲ್ಲಿಗೆ 5,000 ರೂಪಾಯಿ ಬೆಲೆ ಬಾರದು. ಒಂದು ದಿನದ ಕೂಲಿ ಬಿಟ್ಟು ಪಟ್ಟಣದ ನ್ಯಾಯಾಲಯಕ್ಕೆ ಹೋಗಲಾರದ ಮನುಷ್ಯನ ವಾಹನವೇ ಹೀಗೆ ತನಿಖೆಯ ಹೊರಗೆ ಉಳಿದಿರುವುದು ಕಾನೂನಿನ ನಿಜವಾದ ಕೊರತೆಯಾಗಿದ್ದು, ಅದನ್ನು ತಿದ್ದಲೇಬೇಕು.

ಇಲ್ಲಿ ಬಿಲ್ಲು ಎರಡನೆಯ ಸಲ ಕೆಲಸಕ್ಕೆ ಬರುತ್ತದೆ. ಮೇಲೆ ಹೇಳಿದ ಪ್ರಕರಣದಲ್ಲಿ ಹೊಸದರಂತಿದ್ದ ಸೈಕಲ್ಲಿನ ಬೆಲೆ ಆ ಮಿತಿಯನ್ನು ದಾಟಿತ್ತೆಂದು ಕಾಗದವೇ ಹೇಳಿದ್ದರಿಂದ ಎಫ್‌ಐಆರ್ ದಾಖಲಾಯಿತು. ಕಳವು ನಡೆದ ಜಾಗವೂ ಅಷ್ಟೇ ಮಹತ್ವದ್ದು: ವಾಸದ ಮನೆಯ ಒಳಗಿನಿಂದ, ಇಲ್ಲವೇ ಸಾಮಾನು ಇಡಲೆಂದೇ ಇರುವ ಕಟ್ಟಡದಿಂದ ಸೈಕಲ್ ಹೋಗಿದ್ದರೆ ಅದು 305ನೇ ಕಲಮಿಗೆ ಸೇರಿ, ಬೆಲೆ ಎಷ್ಟೇ ಕಡಿಮೆಯಿದ್ದರೂ ಸಂಜ್ಞೇಯವಾಗುತ್ತದೆ ಮತ್ತು ಏಳು ವರ್ಷಗಳವರೆಗಿನ ಶಿಕ್ಷೆಗೆ ಒಳಪಡುತ್ತದೆ. ಹಟ್ಟಿಯ ಒಳಗಿತ್ತೋ ಬೀದಿಯಲ್ಲಿತ್ತೋ ಎಂಬುದನ್ನು ದೂರಿನಲ್ಲಿ ಸತ್ಯವಾಗಿಯೂ ಸ್ಪಷ್ಟವಾಗಿಯೂ ಬರೆಯದೆ, ಸುಮ್ಮನೆ ‘ಸೈಕಲ್ ಕಾಣೆಯಾಗಿದೆ’ ಎಂದು ಬರೆದು ಕೊಡುವವರು ತಮಗಿರುವ ಹಕ್ಕನ್ನು ತಾವೇ ಕುಗ್ಗಿಸಿಕೊಳ್ಳುತ್ತಾರೆ.

ಪತ್ತೆಯಾದ ಸೈಕಲ್ ಬೇರೊಬ್ಬರ ಬಳಿ ಇದ್ದಾಗ ‘ದುಡ್ಡು ಕೊಟ್ಟು ತಗೊಂಡಿದ್ದೀನಿ’ ಎಂಬ ಮಾತು ಬಂದೇ ಬರುತ್ತದೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಮಾರುವವನಿಗೇ ಇಲ್ಲದ ಒಡೆತನ ಕೊಳ್ಳುವವನಿಗೆ ಬರುವುದಿಲ್ಲವಾದ ಕಾರಣ, ಆತ ಪ್ರಾಮಾಣಿಕನಾಗಿದ್ದರೂ ಸೈಕಲ್ ಮೂಲ ಮಾಲೀಕರದೇ ಆಗಿ ಉಳಿಯುತ್ತದೆ. ಬಡ ಕೂಲಿಕಾರನೊಬ್ಬ ಹೀಗೆ ಹಣ ಕಳೆದುಕೊಳ್ಳುವುದನ್ನು ನೋಡುವುದು ನೋವಿನ ಸಂಗತಿ. ಆದರೆ ಸೈಕಲ್ಲನ್ನು ಬಲವಂತವಾಗಿ ಕಿತ್ತುಕೊಂಡು ಬರುವ ಬದಲು ಪೊಲೀಸರ ಮೂಲಕ, ಪಂಚರ ಎದುರು ನಡೆದದ್ದನ್ನು ದಾಖಲಿಸುವ ಪಂಚನಾಮೆಯೊಂದಿಗೆ ವಶಪಡಿಸಿಕೊಳ್ಳುವುದೇ ಇಬ್ಬರಿಗೂ ಕ್ಷೇಮ.

ವಶಪಡಿಸಿಕೊಂಡ ಸೈಕಲ್ ಠಾಣೆಯ ಆವರಣದಲ್ಲಿ ತುಕ್ಕು ಹಿಡಿಯುತ್ತ ನಿಲ್ಲಬೇಕಾಗಿಲ್ಲ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ, ಇಂಥ ವಸ್ತುಗಳ ಛಾಯಾಚಿತ್ರ ಮತ್ತು ವಿವರವನ್ನು ಉಳಿಸಿಕೊಂಡು, ಭದ್ರತೆ ಪಡೆದು ಹಕ್ಕುದಾರರಿಗೆ ಬೇಗ ಕೊಡಬೇಕೆಂದು ಹೇಳಿದ್ದು, ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಆ ಕ್ರಮಕ್ಕೆ ಕಾಲಮಿತಿಯನ್ನೂ ಸೇರಿಸಿದೆ. ಹಕ್ಕುದಾರರು ಗೊತ್ತಾಗದಿದ್ದಾಗ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಿ ಆರು ತಿಂಗಳ ಅವಕಾಶ ಕೊಡಬಹುದು. ಯಾರೂ ಬಾರದಿದ್ದರೆ ವಸ್ತು ಸರ್ಕಾರದ ಪಾಲಾಗುತ್ತದೆ. ಬೇರಾವುದೋ ಪ್ರಕರಣದಲ್ಲಿ ಸಿಕ್ಕಿಬಿದ್ದ ಕಳ್ಳನಿಂದ ಹತ್ತಾರು ಸೈಕಲ್ ಒಟ್ಟಿಗೆ ಸಿಕ್ಕಾಗ, ದೂರಿನಲ್ಲಿ ಫ್ರೇಮ್ ನಂಬರ್ ಬರೆಸಿದ್ದವರನ್ನು ಠಾಣೆಯವರು ತಾವೇ ಕರೆಯಬಲ್ಲರು. ಉಳಿದವರ ಸೈಕಲ್ ಅದೇ ಸಾಲಿನಲ್ಲಿದ್ದರೂ ಹರಾಜಿಗೆ ಹೋಗುತ್ತದೆ. ಹೀಗೆ ಬಿಡುಗಡೆಯಾಗಿ ಮನೆ ಸೇರಿದ ಸೈಕಲ್ಲನ್ನು ವಿಚಾರಣೆಯಲ್ಲಿ ಕೇಳಿದಾಗ ಹಾಜರುಪಡಿಸುವುದಾಗಿ ಮಾಲೀಕರು ಮುಚ್ಚಳಿಕೆ ಬರೆದುಕೊಟ್ಟಿರುತ್ತಾರಾದ್ದರಿಂದ, ಪ್ರಕರಣ ಮುಗಿಯುವವರೆಗೆ ಅದಕ್ಕೆ ಬೇರೆ ಬಣ್ಣ ಹೊಡೆಸುವಂತಿಲ್ಲ, ಮಾರುವಂತಿಲ್ಲ. ಶಾಲೆಗೆ ತುಳಿದುಕೊಂಡು ಹೋಗಲು ಮಾತ್ರ ಯಾವ ಅಡ್ಡಿಯೂ ಇಲ್ಲ.