ಗಿಟಾರ್ ಮತ್ತು ಕೀಬೋರ್ಡ್: ಭಾವವ್ಯಂಜನೆಯ ಒಂದು ವಿಚಾರ

“ಗಿಟಾರ್ ವಾದ್ಯ, ಕೀಬೋರ್ಡ್ ಯಂತ್ರ” ಎಂಬ ಮಾತು ಸಂಗೀತಪ್ರಿಯ ಮಿತ್ರರಲ್ಲಿ ಆಗಾಗ ಕೇಳಿಬರುತ್ತದೆ. ಕೀಬೋರ್ಡ್ ನುಡಿಸುವವನಾದ ನನಗೆ ಇದು ಚುಚ್ಚುವ ಮಾತೇ ಸರಿ. ಆದರೂ ಪಕ್ಷಪಾತವನ್ನು ಬದಿಗಿಟ್ಟು, ಸೋಲೋ ಎನ್ನಿಸಿಕೊಳ್ಳುವ ಏಕವಾದನದಲ್ಲಿ ಭಾವವನ್ನು ಹೊಮ್ಮಿಸುವ ಶಕ್ತಿ ಇವೆರಡಕ್ಕೂ ಹೇಗೆ ಬರುತ್ತದೆಂದು ನೋಡೋಣ.

ಗಿಟಾರಿನಲ್ಲಿ ಬಲಗೈ ತಂತಿಯನ್ನು ಮೀಟಿದ ಮೇಲೂ ಎಡಗೈಯ ಬೆರಳು ಆ ತಂತಿಯನ್ನು ಬಿಟ್ಟಿರುವುದಿಲ್ಲ. ಪಕ್ಕಕ್ಕೆಳೆದರೆ ಬಿಗಿತ ಹೆಚ್ಚಿ ಸ್ವರ ಏರುತ್ತದೆ, ಅಲುಗಿಸಿದರೆ ನಡುಗುತ್ತದೆ. ನಮ್ಮ ವೈಣಿಕರು ತಂತಿಯನ್ನೆಳೆದು ಗಮಕ ಹಿಡಿಯುವುದೂ ಇದೇ ತತ್ತ್ವದಿಂದಲೇ. ಪಿಯಾನೋದಲ್ಲಾದರೋ ಸುತ್ತಿಗೆ ತಂತಿಗೆ ಹೊಡೆದು ಹಿಂದೆ ಸರಿಯಿತೆಂದರೆ, ಆ ಸ್ವರವನ್ನು ಬಾಗಿಸುವ ಅಧಿಕಾರ ಬೆರಳಿಗಿಲ್ಲ. ಹ್ಯಾಮಂಡ್ ಆರ್ಗನ್ನಿನಲ್ಲಿ ಹೊಡೆತದ ಬಲಕ್ಕೂ ಬೆಲೆಯಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದ ಒಂದೇ, ಏರಿಳಿತಕ್ಕೆ ಕಾಲಿನ ಪೆಡಲನ್ನೇ ಆಶ್ರಯಿಸಬೇಕು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿದಾಗ ಅದರ ಮೇಲೆ ಹೊರಿಸಿದ ಆರೋಪಗಳಲ್ಲಿ ಗಮಕ ಬಾರದೆಂಬುದೂ ಒಂದು. ಆ ಬಾಗಿಲು ಸ್ವಲ್ಪವಾದರೂ ತೆರೆಯಲು 1971 ಬರಬೇಕಾಯಿತು.

ಇಷ್ಟಕ್ಕೇ ತೀರ್ಪು ಗಿಟಾರಿನ ಕಡೆಗೆಂದು ಹೇಳಿಬಿಡಬಹುದೆ? 1972ರಲ್ಲಿ ಹೊರಬಂದ, ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ತಂಡದ ‘ಹೈವೇ ಸ್ಟಾರ್’ ಹಾಡನ್ನು ಕೇಳಿ. ಮೊದಲು ಜಾನ್ ಲಾರ್ಡ್ ಆರ್ಗನ್ನಿನಲ್ಲಿ, ಬಳಿಕ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಏಕವಾದನ ಮಾಡುತ್ತಾರೆ. ಬ್ಲ್ಯಾಕ್‌ಮೋರ್ ತಂತಿಯನ್ನು ಎಳೆಯುವುದೂ ಉಂಟು. ಆದರೆ ಶ್ರೋತೃಗಳ ನಾಲಿಗೆಯ ಮೇಲೆ ನಿಂತಿರುವುದು ಬಾಗದೆ, ನಡುಗದೆ, ಒಂದರ ಹಿಂದೊಂದು ಓಡುವ ಸ್ವರಗಳ ಸಾಲು! ಆ ಸಾಲನ್ನು ಕೀಬೋರ್ಡಿನಲ್ಲಿಯೂ ಸುಖವಾಗಿ ನುಡಿಸಬಹುದು. ಗಿಟಾರು ತನ್ನ ವಿಶೇಷಾಧಿಕಾರವನ್ನು ಬದಿಗಿಟ್ಟಾಗಲೂ ಮನಸ್ಸನ್ನು ಸೆಳೆಯಿತಷ್ಟೆ.

ಇದರ ಮರುಮುಖವೂ ಇದೆ. 1970ರಲ್ಲಿ ಬಂದ ಮಿನಿಮೂಗ್ ಸಿಂಥಸೈಜರಿನಲ್ಲಿ ಕೀಗಳ ಎಡಬದಿಗೆ ಸ್ವರವನ್ನು ಬಾಗಿಸುವ ಒಂದು ಪುಟ್ಟ ಚಕ್ರವಿತ್ತು. ಯಾನ್ ಹ್ಯಾಮರ್ ಎಂಬ ವಾದಕರು ಇಂಥ ಚಕ್ರವನ್ನು ಗಿಟಾರ್ ವಾದಕನ ಎಡಗೈಯಂತೆಯೇ ಬಳಸಿದರು. 1976ರ ‘ಬ್ಲೂ ವಿಂಡ್’ ಕೃತಿಯಲ್ಲಿ ಜೆಫ್ ಬೆಕ್ ಅವರ ಗಿಟಾರಿಗೆ ಇವರು ಸವಾಲು ಜವಾಬು ಕೊಡುವಾಗ, ಯಾರದು ಯಾವುದೆಂದು ಕಿವಿ ಕ್ಷಣಕಾಲ ತಬ್ಬಿಬ್ಬಾಗುತ್ತದೆ. ಆದರೆ ಮಿನಿಮೂಗಿಗೆ ಇದ್ದುದು ಒಂದೇ ಕಂಠ. ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರ ಅದರಿಂದ ಹೊರಡದು. ಗಮಕವನ್ನು ಗಳಿಸಲು ಕೀಬೋರ್ಡ್ ತನ್ನ ಹುಟ್ಟುಸಂಪತ್ತನ್ನೇ ತೆತ್ತಿತೆನ್ನಬೇಕು.

ಒಂದೇ ಸ್ವರದ ಮಟ್ಟಿಗೆ ಗಿಟಾರಿನ ಮೇಲ್ಮೆಯನ್ನು ನಾನು ಒಪ್ಪುತ್ತೇನೆ. ಆದರೆ ಈ ಹುಟ್ಟುಸಂಪತ್ತು ಸಾಮಾನ್ಯವಾದುದಲ್ಲ. ಬಲಗೈಯಲ್ಲಿ ‘ಸಿ’ ಸ್ವರವೊಂದನ್ನೇ ಹಿಡಿದು, ಎಡಗೈಯಲ್ಲಿ ಸಿ ಮೇಜರ್ ಸ್ವರಮೇಳವನ್ನು ಒತ್ತಿ. ಅದು ನೆಮ್ಮದಿಯಾಗಿ ಕೂತಿರುತ್ತದೆ. ಎಡಗೈಯನ್ನು ಎ ಮೈನರಿಗೆ ಸರಿಸಿ. ಅದೇ ಸ್ವರದ ಮುಖ ಬಾಡುತ್ತದೆ. ಬಲಗೈ ಅಲುಗಲೇ ಇಲ್ಲ! ಚಕ್ರ ತಿರುಗಿಸುತ್ತ ಕೂತ ಎಡಗೈಗೆ ಈ ಕೆಲಸಕ್ಕೆ ಬಿಡುವೆಲ್ಲಿ?